ಏಳಮ್ಮನ ಪಟ್ಟಿ

ಆಫೀಸಿನಲ್ಲಿ ಅವಳಿಗೆ ಏಳಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಎದುರಿಗೆ ಮೇಡಂ. ಬೇರೆ ಕಂಪನಿಗಳ ಲೆಕ್ಕಪತ್ರ ನೋಡಿಕೊಡುವ ಹತ್ತು ಜನರ ಸಂಸ್ಥೆ ಅದು. ಯಾರಿಗೆ ಯಾವ ದಿನ ರಜೆ, ಯಾವ ದಿನ ಎಷ್ಟು ಜನ ಕೂತು ಎಷ್ಟು ಫೈಲು ಮುಗಿಸಬಹುದು ಎಂಬ ಪಟ್ಟಿ ಅವಳ ಕೈಯಲ್ಲಿತ್ತು. ರಜೆ ಕೇಳಿಕೊಂಡು ಯಾರೇ ಬರಲಿ, ಪಟ್ಟಿಯ ಮೇಲೆ ಬೆರಳಾಡಿಸಿ, ತುಟಿಯೊಳಗೇ ಎಣಿಸಿ, "ಏಳು ಜನ ಬೇಕು" ಎನ್ನುತ್ತಿದ್ದಳು. ಹಾಜರಿದ್ದವರು ಏಳಕ್ಕಿಂತ ಕಡಿಮೆಯಾಗುವುದಾದರೆ ರಜೆ ಇಲ್ಲ, ಮಾತು ಮುಗಿಯಿತು. ಅದಕ್ಕೇ ಏಳಮ್ಮ. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿ ಹಿಡಿದರೆ ಸಂಜೆಯ ತನಕ ಏಳುವವಳೇ ಅಲ್ಲ, ಯಾರಾದರೂ ಕೈಹಿಡಿದು "ಏಳಮ್ಮಾ" ಎನ್ನಬೇಕು ಎಂಬ ಕುಚೋದ್ಯವೂ ಅದರೊಳಗೆ ಸೇರಿತ್ತು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಕೋಪ ಬಂದಿರಲಿಲ್ಲ, ಒಳಗೊಳಗೇ ಹೆಮ್ಮೆಯಾಗಿತ್ತು.

ಆ ಸೋಮವಾರ ಮಾತ್ರ ಅವಳು ಮಧ್ಯಾಹ್ನದೊಳಗೆ ಹನ್ನೊಂದು ಸಲ ಕುರ್ಚಿಯಿಂದ ಎದ್ದಳು. ನೀರು ಕುಡಿಯಲೆಂದು ಎದ್ದು ನೀರು ಕುಡಿಯದೆ ಬಂದಳು. ಕಿಟಕಿ ತೆಗೆದಳು, ಹಾಕಿದಳು. ಪ್ರಿಂಟರಿನ ಹತ್ತಿರ ಹೋಗಿ, ಯಾಕೆ ಬಂದೆ ಎಂದು ತನ್ನನ್ನೇ ಕೇಳಿಕೊಂಡು ವಾಪಸಾದಳು. ಕಾರಣ, ಬೆಳಗಿನ ಟಪಾಲಿನಲ್ಲಿ ಬಂದ ಕೋರ್ಟಿನ ಕಾಗದ. ಎಂಟು ತಿಂಗಳ ಹಿಂದಿನ ಒಂದು ಮಂಗಳವಾರದ ದಿನಾಂಕ ಕೊಟ್ಟು, ಆ ದಿನದ ಹಾಜರಿ ಪಟ್ಟಿಯನ್ನು ದೃಢೀಕರಿಸಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಜರುಪಡಿಸತಕ್ಕದ್ದು ಎಂದು ಅದರಲ್ಲಿತ್ತು. ಯಾರ ಹಾಜರಿ ಬೇಕಾಗಿದೆ ಎಂಬ ಜಾಗದಲ್ಲಿ ಅವಳದೇ ಹೆಸರು.

ಆ ಮಂಗಳವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ತಂಗಿ ಫೋನ್ ಮಾಡಿದ್ದಳು. ಮಾತಿಗಿಂತ ಅಳುವೇ ಹೆಚ್ಚು. ಗಂಡ ಜಗಳ ಮಾಡಿ, ಅವಳನ್ನೂ ಆರು ವರ್ಷದ ಮಗಳನ್ನೂ ಕೋಣೆಯೊಳಗೆ ನೂಕಿ, ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗಿದ್ದ. ಏಳಮ್ಮ ಓಡಿದಳು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಂದ ಸುತ್ತಿಗೆ ಈಸಿಕೊಂಡು ಬೀಗ ಒಡೆದು, ಇಬ್ಬರನ್ನೂ ತನ್ನ ಮನೆಗೆ ಕರೆತಂದು ಬಿಟ್ಟಳು. ಆವತ್ತಿನಿಂದ ಅಮ್ಮ ಮಗಳು ಅವಳ ಮನೆಯಲ್ಲೇ ಇದ್ದರು. ಈಗಲೂ ಹೊರಗಡೆ ಚಿಲಕದ ಸದ್ದಾದರೆ ಆ ಮಗು ತಟ್ಟೆ ಬಿಟ್ಟು ಮೇಜಿನ ಕೆಳಗೆ ಸೇರಿಕೊಳ್ಳುತ್ತಿತ್ತು.

ತಂಗಿಯ ಗಂಡ ಕೋರ್ಟಿಗೆ ಹೋಗಿದ್ದ. ಬೀಗವೂ ಇಲ್ಲ, ಕೋಣೆಯೂ ಇಲ್ಲ, ಹೆಂಡತಿ ತಾನಾಗಿಯೇ ಮನೆ ಬಿಟ್ಟು ಹೋದಳು, ಮಗಳನ್ನು ನನಗೆ ಕೊಡಿಸಿ ಎಂದು ಅವನ ವಾದ. ಅಕ್ಕಪಕ್ಕದವರೆಲ್ಲ ಅವನ ಅಪ್ಪನ ಬಾಡಿಗೆದಾರರು, ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಸುತ್ತಿಗೆ ಕೊಟ್ಟ ಕೂಲಿಯವರು ಕೆಲಸ ಮುಗಿಸಿ ಯಾವ ಊರಿಗೆ ಹೋದರೋ ತಿಳಿಯದು. ಬೀಗ ಕಂಡವಳು ಅಕ್ಕ ಒಬ್ಬಳೇ, ಅವಳ ಮಾತನ್ನು ಅಲ್ಲಗಳೆಯಲೆಂದೇ ಅವನ ವಕೀಲರು ಹಾಜರಿ ಪಟ್ಟಿ ತರಿಸುತ್ತಿದ್ದರು. ಗುರುವಾರ ಅವಳ ಸಾಕ್ಷಿ ನಿಂತರೆ ಮಗು ತಂಗಿಯ ಹತ್ತಿರ ಉಳಿಯುತ್ತದೆ, ಬಿದ್ದರೆ ಆ ಬೀಗದ ಮನೆಗೆ ಹೋಗುತ್ತದೆ.

ಹಾಗಾದರೆ ಏಳಮ್ಮನಿಗೆ ಹೆದರಿಕೆ ಏತಕ್ಕೆ? ಕಂಡದ್ದನ್ನು ಹೇಳಿದರಾಯಿತಲ್ಲ? ಹೆದರಿಕೆ ಇದಕ್ಕೆ: ಪಟ್ಟಿಯಲ್ಲಿ ಆ ಮಂಗಳವಾರ ಅವಳ ಹೆಸರಿನ ಮುಂದೆ ಪೂರ್ತಿ ದಿನದ 'ಹಾ' ಇತ್ತು. ಹಾಜರು. ಬರೆದವಳು ಅವಳೇ.

ಆ ದಿನ ಮೂರು ಜನ ರಜೆಯಲ್ಲಿದ್ದರು, ಉಳಿದವರು ಸರಿಯಾಗಿ ಏಳು. ಬೆಳಿಗ್ಗೆ ಒಬ್ಬರು ಅರ್ಧ ದಿನ ರಜೆಯ ಚೀಟಿ ಕೊಟ್ಟಿದ್ದರು. "ಆರಾಗುತ್ತೆ, ಆಗಲ್ಲ" ಎಂದು ಅವಳು ವಾಪಸು ಕಳಿಸಿದ್ದಳು. ಎರಡು ಗಂಟೆ ಕಳೆಯುವುದರೊಳಗೆ ತಾನೇ ಎದ್ದು ಹೋಗಬೇಕಾಗಿ ಬಂತು. ಯಾವ ಮುಖ ಇಟ್ಟುಕೊಂಡು ತನಗೆ ಅರ್ಧ ದಿನ ಬರೆದುಕೊಳ್ಳುವುದು? "ಗೋದಾಮಿಗೆ ಹೋಗಿ ದಾಸ್ತಾನು ನೋಡ್ಕೊಂಡ್ ಬರ್ತೀನಿ" ಎಂದು ಹೇಳಿ ಚೀಲ ಹೆಗಲಿಗೇರಿಸಿದ್ದಳು. ಗಿರಾಕಿಗಳ ಗೋದಾಮಿಗೆ ಹೋದರೆ ಅದು ಕೆಲಸವೇ, ಹಾಜರಿಯೇ. ಐದಕ್ಕೆ ವಾಪಸು ಬಂದು 'ಹಾ' ಎಂದು ಬರೆದು, ಏಳಕ್ಕೆ ಏಳು ತಾಳೆ ಮಾಡಿ, ಪಟ್ಟಿ ಮುಚ್ಚಿದ್ದಳು. ಲೆಕ್ಕದವರ ಹಾಳು ಬುದ್ಧಿ ಅದು. ಮೊತ್ತ ಸರಿಬಂದರೆ ಸಾಕು, ಒಳಗೆ ಏನು ಸೇರಿದೆ ಎಂದು ಮತ್ತೆ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ. ಯಜಮಾನರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದಳು. ಸಂಸ್ಥೆ ಕಟ್ಟಿದ ಯಜಮಾನರು ಅರವತ್ತು ದಾಟಿದವರು. ಕನ್ನಡಕ ತೆಗೆದು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀವಾ? ನೀವು ಸುಳ್ಳು ಹಾಜರಿ ಹಾಕಿದ್ರಾ?"

"ಹೂಂ ಸಾರ್."

ಯಜಮಾನರಿಗೆ ನಗು ಬಂತು. ಹತ್ತು ವರ್ಷದಿಂದ ಈ ಹೆಂಗಸಿನ ಹತ್ತಿರ ತಾವೇ ಹೆದರಿಕೊಂಡು ರಜೆ ಕೇಳಿದವರು ಅವರು. ನಗು ಮುಗಿದ ಮೇಲೆ ಕೈ ಬೀಸಿದರು. "ಅಷ್ಟೇ ತಾನೇ? ಹಾ ಅಳಿಸಿ ಅರ್ಧ ಅಂತ ಹಾಕಿ. ನಾನು ಸೀಲ್ ಒತ್ತಿ ಕೊಡ್ತೀನಿ. ಸುಳ್ಳು ತೆಗೆದು ನಿಜ ಬರೀತಿದೀರಿ, ಯಾರಪ್ಪನ ಮನೆ ಗಂಟು ಹೋಯ್ತು?"

ಮಾತು ಸರಿಯಾಗಿಯೇ ಇತ್ತು. ಅದೇ ಕಷ್ಟ. ಅವಳು ಬಂದು ಕಂಪ್ಯೂಟರಿನಲ್ಲಿ ಆ ತಿಂಗಳನ್ನು ತೆಗೆದಳು. ಮಂಗಳವಾರದ ಚೌಕದ ಮೇಲೆ ಬೆರಳಿಟ್ಟಳು. 'ಹಾ' ಅಳಿಸಿದಳು, 'ಅರ್ಧ' ಎಂದು ಬರೆದಳು. ಅಳಿಸಿ ಮತ್ತೆ 'ಹಾ' ಎಂದಳು. ಹೀಗೆ ಮೂರು ಸಲ, ಒಂದು ಸಲವೂ ಸೇವ್ ಮಾಡಲಿಲ್ಲ. ಹದಿನೆಂಟು ವರ್ಷ ಅವಳು ಮಾಡಿದ ಕೆಲಸವೆಂದರೆ ಇನ್ನೊಬ್ಬರ ಲೆಕ್ಕದಲ್ಲಿ ಹಿಂದಿನ ತಾರೀಕು ಹಾಕಿ ಸೇರಿಸಿದ ಸಾಲುಗಳನ್ನು ಹುಡುಕುವುದು. ನೋಟಿಸು ಬಂದ ಮೇಲೆ ತಿದ್ದಿದ ಪುಸ್ತಕ ನಿಜವನ್ನೇ ಹೇಳಿದರೂ ಸುಳ್ಳು ಪುಸ್ತಕವೇ ಎಂದು ಎಷ್ಟು ಗಿರಾಕಿಗಳ ಮುಖಕ್ಕೆ ಹೊಡೆದಂತೆ ಹೇಳಿದ್ದಳು! ಈಗ ತನ್ನ ಬೆರಳೇ ಆ ಚೌಕದ ಮೇಲಿತ್ತು.

ತಡೆಯಲಾರದೆ ಮೆಟ್ಟಿಲ ಹತ್ತಿರ ಹೋಗಿ ತಂಗಿಯ ವಕೀಲರಿಗೆ ಫೋನ್ ಮಾಡಿದಳು. ಚುರುಕು ಬಾಯಿಯ ಹೆಂಗಸು ಆಕೆ.

"ಪಟ್ಟಿ ಮುಟ್ಟಿದ್ರೆ ನಾನು ಈ ಕೇಸೇ ಬಿಟ್ಬಿಡ್ತೀನಿ," ಎಂದರು ವಕೀಲರು. "ಯಾವತ್ತು ತಿದ್ದಿದ್ದು ಅಂತ ಆ ಕಂಪ್ಯೂಟರೇ ಹೇಳುತ್ತೆ. ಇದ್ದಿದ್ದು ಇದ್ದ ಹಾಗೆ ತನ್ನಿ. ಈಗ ಹೇಳಿ, ಆ ಮಧ್ಯಾಹ್ನ ನೀವು ಆಫೀಸಲ್ಲೂ ಇರ್ಲಿಲ್ಲ, ಗೋದಾಮಲ್ಲೂ ಇರ್ಲಿಲ್ಲ ಅಂತ ಗೊತ್ತಿರೋರು ಯಾರಾದ್ರೂ ಇದಾರಾ? ಒಬ್ರು ಸಾಕು. ಹೊಸ ಸಾಕ್ಷಿ ಅಂತ ಅರ್ಜಿ ಹಾಕ್ತೀನಿ."

"ಯಾರೂ ಇಲ್ಲ. ಎಲ್ಲರಿಗೂ ಗೋದಾಮು ಅಂತಾನೇ ಹೇಳಿದ್ದೆ."

"ಯೋಚ್ನೆ ಮಾಡಿ. ಇಲ್ಲದಿದ್ರೆ ನೀವು ಹೇಳೋದೂ ನಿಮ್ಮ ಕಾಗದ ಹೇಳೋದೂ ಹೊಡೆದಾಡ್ಕೊಂಡು ಸಾಯುತ್ವೆ."

ಮನೆಗೆ ಹೋದರೆ ತಂಗಿ ಬಾಗಿಲಲ್ಲೇ ಕಾದಿದ್ದಳು. "ಗುರುವಾರ ಬರ್ತೀಯಲ್ಲಾ ಅಕ್ಕ? ರಜೆ ಸಿಕ್ತಾ?" ರಜೆ ಕೊಡುವವಳನ್ನೇ ರಜೆ ಸಿಕ್ಕಿತೇ ಎಂದು ಕೇಳುವಷ್ಟು ತಂಗಿಗೆ ಅಕ್ಕನ ಸ್ವಭಾವ ಗೊತ್ತಿತ್ತು. ಅವಳು ಹೂಂಗುಟ್ಟಿದಳು. ಪಟ್ಟಿಯ ಸುದ್ದಿ ಹೇಳಲು ಬಾಯಿ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು, ವಾಪಸು ಕಳಿಸಿದ ಚೀಟಿಗಳ ಫೈಲನ್ನು ಕೆಳಗಿಳಿಸಿದಳು. ಆವತ್ತು ತಾನು ಯಾರಿಗೆ ಇಲ್ಲ ಎಂದಿದ್ದೆ? ಚೀಟಿ ಸಿಕ್ಕಿತು. ಆಫೀಸಿನವರು ಪೆನ್ಸಿಲ್ ಎಂದು ಕರೆಯುವವನದು.

ಸಂಬಳದ ಲೆಕ್ಕ ನೋಡುವ ಮೂವತ್ತೆರಡರ ಪೆನ್ಸಿಲ್ ಹೆಸರಿಗೆ ತಕ್ಕ ಹಾಗೆ ಉದ್ದ, ಸಣಕಲು, ಮಾತು ಕಡಿಮೆ. ಹೋದ ವಾರದ ಮೀಟಿಂಗಿನಲ್ಲಿ ಅವಳು ಅವನನ್ನು ಎಲ್ಲರೆದುರು ಹೊಗಳಿದ್ದಳು. ಎಂಟು ತಿಂಗಳಿಂದ ಒಂದೇ ಒಂದು ರಜೆ ಕೇಳದ ಮನುಷ್ಯ, ನೋಡಿ ಕಲಿಯಿರಿ ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವನು ತಲೆ ತಗ್ಗಿಸಿಕೊಂಡು ಕೂತಿದ್ದ. ನಾಚಿಕೆ ಸ್ವಭಾವ ಎಂದುಕೊಂಡಿದ್ದಳು.

ಚೀಟಿಯ ಕೆಳಭಾಗ ಹಿಂದಕ್ಕೆ ಮಡಿಸಿತ್ತು. ಎಲ್ಲ ಚೀಟಿಯನ್ನೂ ಅವಳು ಹಾಗೇ ಮಡಿಸುತ್ತಿದ್ದಳು. ಕೆಳಗೆ ಇರುವುದು ರಜೆಯ ಕಾರಣ. ಕಾರಣ ಓದಿದರೆ ನ್ಯಾಯ ಕೆಡುತ್ತದೆ ಎಂಬುದು ಅವಳ ಲೆಕ್ಕ. ಚೆನ್ನಾಗಿ ಅಳಲು ಬರೆಯುವವನಿಗೆ ರಜೆ ಸಿಕ್ಕಿ, ಬರೆಯಲು ಬಾರದವನು ಕುರ್ಚಿಯಲ್ಲೇ ಕೊಳೆಯಬಾರದು. ಹೆಸರು ನೋಡು, ದಿನ ನೋಡು, ತಲೆ ಎಣಿಸು, ಮುಗಿಯಿತು. ಹತ್ತು ವರ್ಷದಲ್ಲಿ ಒಂದು ಚೀಟಿಯ ಮಡಿಕೆಯನ್ನೂ ಬಿಚ್ಚಿರಲಿಲ್ಲ. ಆ ಬೆಳಿಗ್ಗೆಯೂ ಬಿಚ್ಚಲಿಲ್ಲ. ನಿಜ ಹೇಳಬೇಕೆಂದರೆ ಈ ಸಲ ಅದು ನ್ಯಾಯಕ್ಕಲ್ಲ, ಪುಕ್ಕಲುತನಕ್ಕೆ.

ಪೆನ್ಸಿಲ್ ಬಂದು ಚೀಲ ಇಡುತ್ತಿದ್ದಂತೆ ಅವಳೇ ಅವನ ಮೇಜಿನ ಹತ್ತಿರ ಹೋಗಿ ನಿಂತಳು. ಅವನು ಗಾಬರಿಯಿಂದ ಎದ್ದ. ಏಳಮ್ಮ ಯಾರ ಮೇಜಿಗೂ ಹೋಗುವವಳಲ್ಲ.

"ಕೂತ್ಕೊಳ್ಳಿ. ನಿಮಗೊಂದು ಹೇಳ್ಬೇಕು. ಎಂಟು ತಿಂಗಳ ಹಿಂದೆ ಒಂದು ಮಂಗಳವಾರ ನೀವು ಅರ್ಧ ದಿನ ಕೇಳಿದ್ರಿ, ನಾನು ಕೊಡ್ಲಿಲ್ಲ."

"ಹೂಂ."

"ಆವತ್ತು ನಾನು ಗೋದಾಮಿಗೆ ಹೋಗಿರ್ಲಿಲ್ಲ."

"ಗೊತ್ತು ಮೇಡಂ," ಎಂದ ಪೆನ್ಸಿಲ್.

"ಗೊತ್ತು ಅಂದ್ರೆ?"

"ಮೂರು ಗಂಟೆಗೆ ಒಂದು ಸಹಿ ಬೇಕಾಗಿತ್ತು. ನಿಮ್ಮ ಫೋನ್ ಹೋಗ್ಲಿಲ್ಲ. ಗೋದಾಮಿಗೆ ಮಾಡಿದೆ. ಇಲ್ಲಿಗೆ ಯಾರೂ ಬಂದಿಲ್ಲ ಅಂದ್ರು. ನಾಲ್ಕಕ್ಕೆ ಇನ್ನೊಂದ್ಸಲ ಮಾಡಿದೆ. ಆಗ್ಲೂ ಅದೇ ಅಂದ್ರು."

ಅವಳಿಗೆ ಥಟ್ಟನೆ ನೆನಪಾಯಿತು. ಆ ಸಂಜೆ ಬೆವರು ಒರೆಸಿಕೊಂಡು ಒಳಗೆ ಬಂದಾಗ ಇದೇ ಮನುಷ್ಯ, "ದಾಸ್ತಾನು ತಾಳೆ ಆಯ್ತಾ ಮೇಡಂ?" ಎಂದು ಕೇಳಿದ್ದ. "ಆಯ್ತು" ಎಂದು ತಾನು ನಾಲಿಗೆ ತಡವರಿಸದೆ ಹೇಳಿದ್ದಳು. ಎಂಟು ತಿಂಗಳು ಇವನು ಎಲ್ಲ ಗೊತ್ತಿದ್ದೂ ದಿನಾ ಬೆಳಿಗ್ಗೆ ನಮಸ್ಕಾರ ಮೇಡಂ ಎಂದಿದ್ದಾನೆ. ನೆಲ ಬಾಯಿ ಬಿಡಬಾರದೇ ಅನಿಸಿತು.

ಉಳಿದದ್ದನ್ನು ನಿಂತಲ್ಲೇ ಹೇಳಿದಳು. ತಂಗಿ, ಬೀಗ, ಸುತ್ತಿಗೆ, ಮೇಜಿನ ಕೆಳಗೆ ಸೇರುವ ಮಗು, ಗುರುವಾರದ ಕೋರ್ಟು. ಅವನು ಪೂರ್ತಿ ಕೇಳಿಸಿಕೊಂಡ. ಮುಖದಲ್ಲಿ ಏನೂ ಕಾಣಲಿಲ್ಲ.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ," ಎಂದ ಕೊನೆಗೆ. "ಸೀರೆ ಅಂಗಡಿಗೋ ಮತ್ತೆಲ್ಲಿಗೋ ಹೋಗಿದ್ರಿ ಅಂತ."

"ನೀವು ಬಂದು ಆ ಫೋನಿನ ವಿಷಯ ಹೇಳಿದ್ರೆ ನಮ್ಮ ಮಗು ಉಳಿಯುತ್ತೆ. ಕೇಳೋಕೆ ನನಗೆ ಯೋಗ್ಯತೆ ಇಲ್ಲ, ಗೊತ್ತು. ಆದ್ರೂ ಕೇಳ್ತಿದೀನಿ."

ಪೆನ್ಸಿಲ್ ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದ. ಆಮೇಲೆ ಅವಳನ್ನು ನೋಡಿದ.

"ಗುರುವಾರ ನನಗೆ ರಜೆ ಸಿಗುತ್ತಾ ಮೇಡಂ?"

ಅವನು ಚುಚ್ಚಲೆಂದು ಕೇಳಿದನೋ ಸುಮ್ಮನೆ ಕೇಳಿದನೋ ಅವಳಿಗೆ ತಿಳಿಯಲಿಲ್ಲ. ತುಟಿ ಮಾತ್ರ ಅಭ್ಯಾಸಬಲದಿಂದ ಆಗಲೇ ಎಣಿಸತೊಡಗಿತ್ತು. ಗುರುವಾರ ಇಬ್ಬರು ಮೊದಲೇ ರಜೆ ತೆಗೆದುಕೊಂಡಿದ್ದಾರೆ, ಎಂಟು. ತಾನು ಹೋದರೆ ಏಳು. ಇವನೂ ಹೋದರೆ ಆರು. ಅದೂ ವರ್ಷದ ಲೆಕ್ಕ ಸಲ್ಲಿಸುವ ಕೊನೆಯ ವಾರ.

"ಸಿಗುತ್ತೆ," ಎಂದಳು.

"ಆವತ್ತು ನಿಮಗೆ ಏನು ಕೆಲಸ ಇತ್ತು?" ಎಂದೂ ಕೇಳಿದಳು.

"ಚೀಟೀಲಿ ಬರೆದಿದ್ದೆನಲ್ಲ. ಓದ್ಲಿಲ್ವಾ?"

"ಇಲ್ಲ. ನಾನು ಓದಲ್ಲ."

"ಸರಿ," ಎಂದು ಅವನು ಕಂಪ್ಯೂಟರ್ ಹಾಕಿದ.

ಯಜಮಾನರು ಮಾತ್ರ ಹಾರಾಡಿದರು. "ಆರು ಜನಾನಾ? ಕೊನೇ ವಾರದಲ್ಲಿ? ಏಳು ಏಳು ಅಂತ ನನ್ನ ತಲೆ ತಿಂದೋರು ನೀವೇ ತಾನೇ?"

"ನೀವೂ ಒಂದು ಕುರ್ಚೀಲಿ ಕೂತ್ಕೊಂಡ್ರೆ ಏಳಾಗುತ್ತೆ ಸಾರ್," ಎಂದಳು ಅವಳು.

ಇಪ್ಪತ್ತು ವರ್ಷದಿಂದ ಯಜಮಾನರು ಒಂದು ಫೈಲನ್ನೂ ಪೂರ್ತಿ ನೋಡಿರಲಿಲ್ಲ. ಆದರೂ ಪಟ್ಟಿಗೆ ಸೀಲು ಬಿತ್ತು, ತಿದ್ದದ 'ಹಾ'ದ ಪಕ್ಕದಲ್ಲೇ.

ಬುಧವಾರ ಹೇಗೆ ಕಳೆಯಿತೋ ಕಾಣೆ. ಮೂರು ಫೈಲಿನಲ್ಲಿ ಮೂರು ತಪ್ಪು ಮಾಡಿದಳು. ಪೆನ್ಸಿಲ್‌ನ ಕಡೆಗೆ ನೋಡುವುದು, ಅವನು ತಲೆ ಎತ್ತಿದರೆ ಕಿಟಕಿ ನೋಡುವುದು. ಮನಸ್ಸು ಬದಲಾಯಿಸಿದರೆ? ಬೆಳಿಗ್ಗೆ ಜ್ವರ ಎಂದು ಫೋನ್ ಮಾಡಿದರೆ? ಮಾಡಿದರೂ ಬೈಯುವ ಹಕ್ಕು ತನಗಿದೆಯೇ? ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ಕಂಬಿ ಹಿಡಿದು ನಿಂತೇ ಮನೆ ಸೇರಿದಳು.

ಗುರುವಾರ ಅವನು ಹತ್ತೂವರೆಗೇ ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಏನೂ ಇಲ್ಲ. ತಂಗಿ ಅವನಿಗೆ ಕೈಮುಗಿದಳು. ಅವನು ಕಕ್ಕಾಬಿಕ್ಕಿಯಾಗಿ ತಾನೂ ಮುಗಿದ.

ಕೋರ್ಟಿನ ಕೋಣೆ ಚಿಕ್ಕದು, ಫ್ಯಾನಿನ ಸದ್ದು ದೊಡ್ಡದು. ಮೊದಲು ಅವಳನ್ನು ಕರೆದರು. ಎದುರು ಪಕ್ಷದ ವಕೀಲರು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಇದು ನಿಮ್ಮದೇ ಪಟ್ಟಿ?"

"ನಂದೇ."

"ಇದರ ಪ್ರಕಾರ ಆ ದಿನ ನೀವು ಸಂಜೆವರೆಗೂ ಕೆಲಸದಲ್ಲಿದ್ರಿ."

"ಇದರ ಪ್ರಕಾರ ಇದ್ದೆ. ಇದು ಸುಳ್ಳು. ನಾನೇ ಬರೆದ ಸುಳ್ಳು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರಿಗೆ ಹಬ್ಬವಾಯಿತು. ಹಾಗಾದರೆ ಇಂದು ಹೇಳುತ್ತಿರುವುದು ಎಷ್ಟನೇ ಸುಳ್ಳು, ಬೀಗವೂ ಹೀಗೇ ಬರೆದ ಬೀಗವೇ ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಅವಳು ಕಟಕಟೆಯ ಮರ ಬಿಗಿಯಾಗಿ ಹಿಡಿದು ಅದೇ ಉತ್ತರ ಕೊಟ್ಟಳು. ನ್ಯಾಯಾಧೀಶರ ಮುಖ ಗಡುಸಾಗಿತ್ತು. ಐವತ್ತರ ಆಸುಪಾಸಿನ ಹೆಂಗಸು ಅವರು. ನಂಬಿದಂತೆ ಕಾಣಲಿಲ್ಲ. ತಂಗಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

ಆಮೇಲೆ ಪೆನ್ಸಿಲ್. ಮೂರು ಗಂಟೆಯ ಫೋನು, ನಾಲ್ಕು ಗಂಟೆಯ ಫೋನು, ಗೋದಾಮಿನವರ ಮಾತು, ಎಲ್ಲವನ್ನೂ ಲೆಕ್ಕ ಒಪ್ಪಿಸುವವನ ಹಾಗೆ ಒಂದೊಂದಾಗಿ ಹೇಳಿದ. ಎದುರು ಪಕ್ಷದ ವಕೀಲರು ನಕ್ಕರು.

"ಎಂಟು ತಿಂಗಳ ಹಿಂದಿನ ಮಾತು. ದಿನಾ ಹತ್ತಾರು ಫೋನ್ ಮಾಡೋರು ನೀವು. ಇವರು ನಿಮ್ಮ ಮೇಲಿನವರು, ರಜೆ ಕೊಡೋ ಕೈ. ಇವರು ಹೇಳಿಕೊಟ್ಟ ತಾರೀಕು ತಾನೇ ಇದು?"

"ಅಲ್ಲ."

"ಮತ್ತೆ ಅದೇ ಮಂಗಳವಾರ ಅಂತ ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳ್ತೀರಿ?"

"ಆವತ್ತು ಮೂರು ಗಂಟೆಗೆ ನನ್ನ ಹೆಂಡತಿಗೆ ಸ್ಕ್ಯಾನಿಂಗ್ ಇತ್ತು. ಮೊದಲನೇ ಸಲ ಮಗುವಿನ ಎದೆಬಡಿತ ಕೇಳಿಸ್ತೀವಿ, ಇಬ್ರೂ ಬನ್ನಿ ಅಂದಿದ್ರು ಡಾಕ್ಟರು. ನಾನು ಅರ್ಧ ದಿನ ಕೇಳಿದೆ. ಮೇಡಂ ಆಗಲ್ಲ ಅಂದ್ರು. ಅವಳೊಬ್ಬಳೇ ಹೋಗಿ ಕೇಳಿಸ್ಕೊಂಡು ಬಂದಳು."

ವಕೀಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು.

"ಮೂರು ವಾರದ ಮೇಲೆ ಮತ್ತೆ ಹೋದಾಗ ಅದು ಕೇಳಿಸ್ಲಿಲ್ಲ. ಆಗ್ಲೂ ಅವಳೊಬ್ಬಳೇ ಹೋಗಿದ್ದು. ಅದು ಕೇಳಿಸಿದ್ದು ಆ ಮಂಗಳವಾರ ಒಂದೇ ದಿನ ಸಾರ್. ನಾನು ಆ ಹೊತ್ತಲ್ಲಿ ಸಹಿಗೋಸ್ಕರ ಗೋದಾಮಿಗೆ ಫೋನ್ ಮಾಡ್ತಿದ್ದೆ. ತಾರೀಕು ನನಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ."

ಟೈಪು ಮಾಡುವವನ ಕೈ ನಿಂತಿತು. ನ್ಯಾಯಾಧೀಶರು ಅವನ ಕಡೆ ನೋಡಿ, ಇದನ್ನೂ ಬರೆದುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಪ್ರಶ್ನೆ ಮುಂದುವರಿಯಲಿಲ್ಲ. ಪೂರ್ತಿ ತೀರ್ಪು ಬರುವ ತನಕ ಮಗು ತಾಯಿಯ ಹತ್ತಿರವೇ ಇರತಕ್ಕದ್ದು, ತಂದೆ ಅವರಿಬ್ಬರೂ ಇರುವ ಮನೆಯ ಹತ್ತಿರ ಸುಳಿಯಬಾರದು ಎಂದು ಒಂದೂವರೆಗೆ ಆದೇಶವಾಯಿತು.

"ಗೆದ್ವಿ ಅಕ್ಕಾ, ಗೆದ್ವಿ," ಎಂದು ತಂಗಿ ಅವಳ ಕುತ್ತಿಗೆಗೆ ಬಿದ್ದು ಅತ್ತಳು. ಅವಳು ತಂಗಿಯ ಬೆನ್ನು ಸವರಿದಳು. ಸಂತೋಷ ಆಗಬೇಕಿತ್ತು, ಆಗುತ್ತಲೂ ಇತ್ತು. ಆದರೆ ಯಾರ ಮಗುವಿನ ಲೆಕ್ಕದಿಂದ ಯಾರ ಮಗು ಉಳಿಯಿತು ಎಂದು ಅವಳಿಗೆ ಗೊತ್ತಿತ್ತು. ತಂಗಿಯನ್ನು ವಕೀಲರ ಕೈಗೊಪ್ಪಿಸಿ ಹೊರಗೆ ಓಡಿದಳು.

ಪೆನ್ಸಿಲ್ ಅಂಗಳದ ನಲ್ಲಿಯಲ್ಲಿ ಮುಖ ತೊಳೆದು, ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಅವಳ ಕಣ್ಣು ತುಂಬಿ ಅವನು ಎರಡೆರಡಾಗಿ ಕಾಣುತ್ತಿದ್ದ.

"ನಾನು ಆ ಚೀಟಿ ಓದ್ಬೇಕಿತ್ತು," ಎಂದಳು.

ಅವನು ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದ. "ಓದಿದ್ರೆ ಬಿಡ್ತಿದ್ರಾ ಮೇಡಂ?"

ಬಿಡುತ್ತಿದ್ದೆ ಎನ್ನಲು ಬಾಯಿ ತೆರೆದಳು. ಎಷ್ಟು ಸುಲಭವಿತ್ತು ಅದು. ಆದರೆ ಆ ಬೆಳಗಿನ ತನ್ನನ್ನು ಅವಳು ಬಲ್ಲಳು. ಓದುತ್ತಿದ್ದಳು, ಅಯ್ಯೋ ಎನ್ನುತ್ತಿದ್ದಳು, ಆಮೇಲೆ ತಲೆ ಎಣಿಸುತ್ತಿದ್ದಳು.

"ಇಲ್ಲ," ಎಂದಳು. "ಬಿಡ್ತಿರ್ಲಿಲ್ಲ."

ಪೆನ್ಸಿಲ್ ತಲೆಯಾಡಿಸಿದ.

"ಗೊತ್ತಿತ್ತು," ಎಂದ. "ಅದಕ್ಕೇ ಎರಡನೇ ಸಲ ನಾನು ಕೇಳಲೇ ಇಲ್ಲ."